ಎಂಟು ನಿಮಿಷ ಐವತ್ತೊಂದು ಸೆಕೆಂಡು

ಗುರುವಾರ ಬೆಳಗ್ಗೆ ಏಳೂವರೆಗೆ ಒರ್ಬೆಲಿನಾ ಕಾಲಿಕ್ಸ್ ಕಳ್ಳಿಯೆಂದು ಧ್ವನಿವರ್ಧಕದಲ್ಲಿ ಸಾರಿಬಿಟ್ಟರು. ಚೊಲೋಮಾದ ಆ ಹೊಲಿಗೆ ಕಾರ್ಖಾನೆಯಲ್ಲಿ ದಿನವೂ ಆ ಹೊತ್ತಿಗೆ ಮೊದಲು ಒಂದು ಪ್ರಾರ್ಥನೆ, ಆಮೇಲೆ ಅಂದು ಹುಟ್ಟುಹಬ್ಬ ಇರುವವರ ಹೆಸರು, ಕೊನೆಗೆ ಸಂಜೆಯೊಳಗೆ ಎಷ್ಟು ಡಜನ್ ಅಂಗಿ ಮುಗಿಯಬೇಕೆಂಬ ಲೆಕ್ಕ ಕೇಳಿಸುವುದು ವಾಡಿಕೆ. ಅಂದು ಪ್ರಾರ್ಥನೆಯ ಆಮೆನ್ ಆರುವ ಮೊದಲೇ ಅವಳ ಹೆಸರು ಬಂತು. ನಾಲ್ಕನೆಯ ಸಾಲಿನ ಒರ್ಬೆಲಿನಾ ಕಾಲಿಕ್ಸ್, ಹತ್ತೊಂಬತ್ತು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿರುವವಳು, ಶೌಚಕ್ಕೆ ಹೋದಾಗ ಮೂರು ಸಲ ಎಂಟು ನಿಮಿಷದ ಮಿತಿ ದಾಟಿದ್ದಾಳೆ, ಕೊನೆಯ ಸಲ ಎಂಟು ನಿಮಿಷ ಐವತ್ತೊಂದು ಸೆಕೆಂಡು. ಕಂಪನಿಯ ಸಮಯ ಕದ್ದ ತಪ್ಪಿಗೆ ಅವಳನ್ನು ಕೆಲಸದಿಂದ ತೆಗೆಯಲಾಗಿದೆ. ಅದೇ ದನಿ ಅದೇ ಉಸಿರಿನಲ್ಲಿ ಇಬ್ಬರಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿತು.

ಮೇಲಿನ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಕೂತಿದ್ದ ದಿಗ್ನಾ ಅದನ್ನು ಕೇಳಿದಳು. ಆ ಎಂಟು ನಿಮಿಷ ಐವತ್ತೊಂದು ಸೆಕೆಂಡನ್ನು ಲೆಕ್ಕ ಹಾಕಿದ್ದು ಅವಳೇ ಬರೆದ ಪ್ರೋಗ್ರಾಂ. ಒರ್ಬೆಲಿನಾ ಅವಳ ಮದ್ರೀನಾ. ಚರ್ಚಿನಲ್ಲಿ ನೆತ್ತಿಗೆ ನೀರು ಹಾಕಿಸುವಾಗ ಕೂಸನ್ನು ಎತ್ತಿ ಹಿಡಿದವಳು, ಹೆತ್ತವಳ ನಂತರದ ತಾಯಿ. ಹೆತ್ತವಳು ತೀರಿಕೊಂಡ ಮೇಲಂತೂ ಇವಳೇ ತಾಯಿ. ಜಡೆ ಹೆಣೆದು ಶಾಲೆಗೆ ಕಳಿಸಿದ್ದು ಇವಳು. ಕಾರ್ಖಾನೆ ನಡೆಸುವ ಇಂಜಿನಿಯರ್ ತಾಬೊರಾ ಊಟ ಮುಗಿಸಿ ಬರುವ ದಾರಿಯಲ್ಲಿ ಮೂರು ದಿನ ಅಡ್ಡ ನಿಂತು, ನನ್ನ ಹುಡುಗಿ ಕಂಪ್ಯೂಟರ್ ಕಲಿತಿದ್ದಾಳೆ, ಒಂದು ಕೆಲಸ ಕೊಡಿ ಎಂದು ಕೇಳಿದ್ದೂ ಇವಳೇ. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ, ದಿಗ್ನಾ ಅದನ್ನು ಗೊತ್ತಿಲ್ಲದೆ, ಸಂಬಳ ತೆಗೆದುಕೊಂಡು, ಅಚ್ಚುಕಟ್ಟಾಗಿ ಮಾಡಿದ್ದಳು.

ಪ್ರೋಗ್ರಾಂ ಮಾಡುತ್ತಿದ್ದ ಕೆಲಸ ಇಷ್ಟೆ. ಪ್ರತಿ ಸಾಲಿನ ಮೇಲೆ ಒಂದು ಕ್ಯಾಮೆರಾ. ಕುರ್ಚಿ ಖಾಲಿಯಾದ ಕೂಡಲೇ ಎಣಿಕೆ ಶುರು, ಹೆಂಗಸು ಬಂದು ಕೂತ ಕೂಡಲೇ ಮುಕ್ತಾಯ. ನಡುವಿನ ಸಮಯ ಎಂಟು ನಿಮಿಷ ದಾಟಿದರೆ ತಾನೇ ಒಂದು ಎಚ್ಚರಿಕೆ ಪತ್ರ ಅಚ್ಚಾಗಿ ಕೆಳಗಿನ ಮೇಲ್ವಿಚಾರಕರ ಮೇಜಿಗೆ ಹೋಗುತ್ತಿತ್ತು. ಮೂರು ಪತ್ರವಾದರೆ ಮನೆ. ಉಚ್ಚೆ ಹೊಯ್ಯಲು ಹೋಗುವ ಹೆಂಗಸರ ಹಿಂದೆ ಗಡಿಯಾರ ಹಿಡಿದು ಓಡುವ ಈ ಹಲ್ಕಾ ಬುದ್ಧಿ ತಾಬೊರಾನದು. ಅದಕ್ಕೆ ಕೈಕಾಲು ಕೊಟ್ಟದ್ದು ಮಾತ್ರ ದಿಗ್ನಾ. ಕೊಡುವಾಗ ಅವಳಿಗೆ ತನ್ನ ಜಾಣತನದ ಬಗ್ಗೆ ಹೆಮ್ಮೆಯೂ ಇತ್ತು.

ಶನಿವಾರ ಅರ್ಧ ದಿನ. ಸೈರನ್ ಆದದ್ದೇ ಅವಳು ಸೀದಾ ಮದ್ರೀನಾಳ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಒರ್ಬೆಲಿನಾ ಅಡುಗೆಮನೆಯಲ್ಲಿ ಹುರುಳಿ ಆರಿಸುತ್ತ ಕೂತಿದ್ದಳು. ಕೂರು ಎನ್ನಲಿಲ್ಲ, ಒಲೆಯ ಮೇಲೆ ಕಾಫಿ ಕುದಿಯುತ್ತಿದ್ದರೂ ಲೋಟ ತೆಗೆಯಲಿಲ್ಲ. ಆ ಊರಿನಲ್ಲಿ ಸಾಲ ವಸೂಲಿಗೆ ಬಂದವನಿಗೂ ಮೊದಲು ಕಾಫಿ ಕೊಟ್ಟು ಆಮೇಲೆ ಬೈಯುತ್ತಾರೆ.

"ಬಂದ್ಯಾ? ಗಡಿಯಾರ ತಂದಿದೀಯ ತಾನೆ?" ಎಂದಳು ತಲೆಯೆತ್ತದೆ. "ನಾನು ಬಚ್ಚಲಿಗೆ ಹೋಗ್ಬೇಕು. ಬಾ, ಬಾಗ್ಲಲ್ಲಿ ನಿಂತ್ಕೊಂಡು ಎಣಿಸ್ಕೊ."

ದಿಗ್ನಾ ತಪ್ಪಾಯಿತು ಅನ್ನಬೇಕಿತ್ತು. ಅದರ ಬದಲು ಕಲಿತವರು ಆಡುವ ದಡ್ಡ ಮಾತೊಂದನ್ನು ಆಡಿದಳು. ಯಂತ್ರಕ್ಕೆ ಯಾರ ಮೇಲೂ ಹಗೆಯಿಲ್ಲ ಮದ್ರೀನಾ, ಅದು ಬರೀ ಎಣಿಸುತ್ತದೆ, ಸುಳ್ಳು ಹೇಳುವುದು ಅದಕ್ಕೆ ಬರುವುದಿಲ್ಲ. ಅವತ್ತು ನಿಮಗೇ ಗೊತ್ತಾಗದೆ ತಡವಾಗಿರಬಹುದು ಎಂದಳು. ಒರ್ಬೆಲಿನಾ ಹುರುಳಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಐವತ್ತೆರಡು ವರ್ಷದ ದೇಹ, ಅದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ತನಗೆ ಗೊತ್ತಿಲ್ಲವೇ, ಆರು ನಿಮಿಷ ಆದದ್ದೇ ಹೆಚ್ಚು, ಅದರಲ್ಲಿ ಎರಡು ನಿಮಿಷ ಮುರಿದ ನಲ್ಲಿಯ ಮುಂದಿನ ಸಾಲಿನಲ್ಲಿ ಹೋಯಿತು ಎಂದು ಶುರುಮಾಡಿದವಳು ಹಾಗೇ ಹದಿನೈದು ವರ್ಷ ಹಿಂದಕ್ಕೆ ಹೋಗಿ ದಿಗ್ನಾಳಿಗೆ ಹೇನು ತೆಗೆದ ದಿನಗಳವರೆಗೆ ಬೈದಳು. ದಿಗ್ನಾಳಿಗೂ ಸಿಟ್ಟು ಬಂತು. ಚೀಲದಿಂದ ಕಂಪ್ಯೂಟರ್ ತೆಗೆದು ಮೇಜಿನ ಮೇಲಿಟ್ಟು, ನೀವೇ ನೋಡಿ ಎಂದು ಆ ದಿನದ ವಿಡಿಯೊ ಹಾಕಿದಳು. ಪ್ರೋಗ್ರಾಂ ಸಾಕ್ಷಿಗೆಂದು ಕತ್ತರಿಸಿ ಇಡುವ ತುಣುಕು ಅದು. ಮೂಲೆಯಲ್ಲಿ ಕೆಂಪಕ್ಷರದ ಗಡಿಯಾರ ಓಡುತ್ತಿತ್ತು.

ತುಣುಕು ಒರ್ಬೆಲಿನಾ ಏಳುವುದಕ್ಕಿಂತ ಕೊಂಚ ಮೊದಲಿನಿಂದ ಶುರುವಾಗುತ್ತಿತ್ತು. ಪರದೆಯ ಒರ್ಬೆಲಿನಾ ಒಂದು ಕಾಲರ್ ಹೊಲಿದಳು, ಇನ್ನೊಂದು ಹೊಲಿದಳು. ಮನೆಯ ಒರ್ಬೆಲಿನಾ ಕತ್ತು ಚಾಚಿ ನೋಡಿದಳು.

"ಇದ್ಯಾರ ಕೈ?"

"ನಿಮ್ದೇ, ಮದ್ರೀನಾ."

"ನನ್ ಕೈ ಹೀಗೆ ತೆವಳಲ್ಲ. ನೀರೊಳಗೆ ಬಟ್ಟೆ ಹಿಂಡ್ದಂಗೆ ಕಾಣ್ತಿದೆ. ಮತ್ತೊಂದ್ಸಲ ಹಾಕು."

ದಿಗ್ನಾ ಹಾಕಿದಳು. ಈ ಕಂಪ್ಯೂಟರ್ ಹಳೆಯದು, ವಿಡಿಯೊ ಎಳೆಯುತ್ತದೆ ಎಂದು ಸಮಜಾಯಿಷಿ ಹೇಳಿದಳು. ಆಫೀಸಿನಲ್ಲೂ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಅಲ್ಲಿ ತುಣುಕುಗಳನ್ನು ಕೂತು ನೋಡುವವರು ತಾನೆ ಯಾರಿದ್ದರು? ಎಲ್ಲರಿಗೂ ಬೇಕಾದ್ದು ಕಾಗದದ ಮೇಲಿನ ಅಂಕಿ. ಒರ್ಬೆಲಿನಾ ಮಾತ್ರ ಬೇರೇನನ್ನೂ ಕೇಳಿಸಿಕೊಳ್ಳದೆ, ತುಟಿ ಅಲ್ಲಾಡಿಸುತ್ತ, ಬೆರಳಿನಿಂದ ಮೇಜು ಕುಟ್ಟುತ್ತ ಕೂತಳು. ಕಾಲರ್ ಮುಗಿದಾಗ ಕುಟ್ಟುವುದನ್ನು ನಿಲ್ಲಿಸಿ ಕೆಂಪು ಗಡಿಯಾರದತ್ತ ಬೆರಳು ತೋರಿಸಿದಳು.

"ಒಂದು ಕಾಲರ್‌ಗೆ ಮೂವತ್ತಾರು ಸೆಕೆಂಡು ಅಂತಿದೆ ನಿನ್ ಯಂತ್ರ. ಹತ್ತೊಂಬತ್ತು ವರ್ಷದಿಂದ ನಾನು ಕಾಲರ್ ಹೊಲೀತಿರೋದು ಇಪ್ಪತ್ತನಾಲ್ಕು ಸೆಕೆಂಡಿಗೆ. ನನ್ ಗಂಡನ್ನ ಮಣ್ಣು ಮಾಡಿ ಬಂದ ವಾರಾನೂ ಇಪ್ಪತ್ತಾರಕ್ಕೆ ಹೋಗ್ಲಿಲ್ಲ. ಮೂವತ್ತಾರು ಸೆಕೆಂಡು ತಗೊಳ್ಳೋಳನ್ನ ಆ ತಾಬೊರಾ ಎರಡನೇ ದಿನಾನೇ ಆಚೆ ಹಾಕ್ತಾನೆ ಕಣೇ."

ದಿಗ್ನಾ ವಿಡಿಯೊ ಮುಂದೆ ಓಡಿಸಿದಳು. ಮುಂದಿನ ಕಾಲರ್ ಅನ್ನು ತಾನೇ ನೋಡಿದಳು, ಮೂವತ್ತಾರು. ಪಕ್ಕದ ಕುರ್ಚಿಯ ಮೀರ್ತಾಲಾ ತೋಳು ಜೋಡಿಸುವವಳು. ತೋಳಿಗೆ ಎಷ್ಟು ಹೊತ್ತು ಎಂದು ದಿಗ್ನಾ ಕೇಳಿದಳು. ನಲವತ್ತು ಎಂದಳು ಒರ್ಬೆಲಿನಾ, ಕೆಂಪು ಗಡಿಯಾರ ಅರವತ್ತು ತೋರಿಸಿತು. ಪರದೆಯ ಮೇಲೆ ಒಂದು ಸೆಕೆಂಡು ಒಂದೂವರೆಯಾಗಿತ್ತು. ಯಾರಿಗೆ ಯಾವ ಕೆಲಸವಾದರೂ ಒಂದು ಒಂದೂವರೆಯೇ.

ಆಗ ದಿಗ್ನಾಳಿಗೆ ಹೊಳೆಯಿತು. ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು. ಅವಳ ಪ್ರೋಗ್ರಾಂ ಆ ಚಿತ್ರಗಳನ್ನು ಎಣಿಸಿ ಹತ್ತರಿಂದ ಭಾಗಿಸುತ್ತಿತ್ತು. ಯಾಕೆಂದರೆ ಸೆಕೆಂಡಿಗೆ ಹತ್ತು ಚಿತ್ರ ಎಂದು ಕಡತದ ಹಣೆಯ ಮೇಲೆ ಬರೆದಿತ್ತು. ಹಳೆಯ ಕ್ಯಾಮೆರಾಗಳ ಕಾಲದಲ್ಲಿ ಅದು ನಿಜವೂ ಆಗಿತ್ತು. ನಾಲ್ಕು ತಿಂಗಳ ಹಿಂದೆ ಹೊಸ ಕ್ಯಾಮೆರಾ ಬಂದವು. ಅವು ಸೆಕೆಂಡಿಗೆ ಹದಿನೈದು ಚಿತ್ರ ತೆಗೆಯುತ್ತವೆ, ಬೆಳಕು ಕಡಿಮೆಯಾದರೆ ಹದಿನಾಲ್ಕಕ್ಕೂ ಇಳಿಯುತ್ತವೆ. ಚಿತ್ರಗಳನ್ನು ತುಂಬಿಕೊಳ್ಳುವ ಪೆಟ್ಟಿಗೆ ಮಾತ್ರ ಹಳೆಯದೇ. ಅದು ಹಳೆಯ ಚಾಳಿಯಂತೆ ಹಣೆಯ ಮೇಲೆ ಹತ್ತು ಎಂದೇ ಬರೆಯುತ್ತ ಬಂತು. ನಿಜವಾದ ಸಮಯ ಎಲ್ಲೂ ಕಳೆದಿರಲಿಲ್ಲ. ತಾನು ಎಷ್ಟನೆಯ ಸೆಕೆಂಡಿನಲ್ಲಿ ಹುಟ್ಟಿದೆ ಎಂಬುದನ್ನು ಪ್ರತಿ ಚಿತ್ರವೂ ತನ್ನ ಜೊತೆಯಲ್ಲೇ ಹೊತ್ತಿರುತ್ತದೆ. ಎಣಿಸುವುದೂ ಬೇಡ, ಭಾಗಿಸುವುದೂ ಬೇಡ, ಈಗ ಎಷ್ಟು ಹೊತ್ತು ಎಂದು ಆ ಚಿತ್ರವನ್ನೇ ಕೇಳಿದರೆ ಸಾಕು, ಹೇಳುತ್ತದೆ. ದಿಗ್ನಾ ಕೇಳಿರಲಿಲ್ಲ. ಹಣೆಬರಹ ಓದಿ ನಂಬಿಬಿಟ್ಟಿದ್ದಳು.

ಅಲ್ಲೇ ಹುರುಳಿಯ ತಟ್ಟೆಯ ಪಕ್ಕದಲ್ಲಿ ಆ ಒಂದು ಸಾಲನ್ನು ಅಳಿಸಿ ಇನ್ನೊಂದು ಸಾಲು ಬರೆದಳು. ಐದು ನಿಮಿಷದ ಕೆಲಸವೂ ಅಲ್ಲ. ಮೂಲ ವಿಡಿಯೊವನ್ನು ಮತ್ತೆ ಓಡಿಸಿದಳು. ಕುರ್ಚಿ ಖಾಲಿಯಾಯಿತು, ಕುರ್ಚಿ ತುಂಬಿತು. ಐದು ನಿಮಿಷ ಐವತ್ತಾರು ಸೆಕೆಂಡು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ದಿಗ್ನಾ ಅತ್ತಳು. ತಪ್ಪು ನನ್ನದು, ಸೋಮವಾರವೇ ಇಂಜಿನಿಯರ್‌ಗೆ ಹೇಳುತ್ತೇನೆ, ನಿಮ್ಮನ್ನು ವಾಪಸು ಕರೆಸುತ್ತೇನೆ ಎಂದಳು. ಒರ್ಬೆಲಿನಾಳ ಮುಖ ಸಡಿಲಾಗಲಿಲ್ಲ.

"ನನ್ ಅಡ್ಗೆಮನೇಲಿ ಅತ್ರೆ ಯಾರಿಗೆ ಕೇಳ್ಸತ್ತೆ? ಪ್ರಾರ್ಥನೆ ಮುಗ್ದ ಬಾಯಲ್ಲೇ ನನ್ನ ಕಳ್ಳಿ ಅಂದ್ರು. ಇನ್ನೂರೈವತ್ತು ಜನ ಕೇಳಿದ್ರು. ಮೊನ್ನೆ ಅಂಗಡೀಲಿ ಚಿಲ್ರೆ ಕೊಡೋವಾಗ ಆ ಹೆಂಗ್ಸು ಎರಡೆರಡು ಸಲ ಎಣಿಸಿ ತಗೊಂಡ್ಳು. ಎಲ್ಲಿ ಹೇಳಿದ್ರೋ ಅಲ್ಲೇ ಹೇಳ್ಬೇಕು. ಅದೇ ಮೈಕಲ್ಲಿ. ಅಲ್ಲೀತನಕ ನನ್ನ ಮದ್ರೀನಾ ಅನ್ಬೇಡ."

ಸೋಮವಾರ ದಿಗ್ನಾ ನಾಲ್ಕು ತಿಂಗಳ ವಿಡಿಯೊಗಳನ್ನೆಲ್ಲ ಹೊಸ ಸಾಲಿನಿಂದ ಓಡಿಸಿದಳು. ಇನ್ನೂರ ಹದಿನಾಲ್ಕು ಎಚ್ಚರಿಕೆ ಪತ್ರಗಳಲ್ಲಿ ನಿಜವಾಗಿ ಎಂಟು ನಿಮಿಷ ದಾಟಿದ್ದು ಆರು. ಕೆಲಸ ಕಳೆದುಕೊಂಡವರು ಹನ್ನೊಂದು ಜನ, ಅವರಲ್ಲಿ ನಿಜವಾದ ಮೂರು ತಪ್ಪು ಮಾಡಿದವಳು ಒಬ್ಬಳೂ ಇರಲಿಲ್ಲ. ಅವಳಿಗೆ ಮೀರ್ತಾಲಾಳ ನೆನಪಾಯಿತು. ಎರಡನೆಯ ಪತ್ರ ಬಂದ ಮೇಲೆ ಅವಳು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಟ್ಟು, ಮೂತ್ರಪಿಂಡ ಊದಿ, ವಾರ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದಳು. ಆಗ ದಿಗ್ನಾ ಅವಳಿಗೆ ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿದ್ದಳು. ಆ ಹಣ್ಣು ಕೊಟ್ಟ ಕೈಯನ್ನು ಈಗ ಕತ್ತರಿಸಿಕೊಳ್ಳಬೇಕೆನಿಸಿತು.

ತಾಬೊರಾ ಎಲ್ಲವನ್ನೂ ಸಮಾಧಾನದಿಂದ ಕೇಳಿದ. ಕೂಗಾಡುವ ಮನುಷ್ಯನಲ್ಲ ಅವನು, ಕೂಗಾಡಿದ್ದರೆ ವಾಸಿಯಿತ್ತು. ತಪ್ಪು ಕಂಡುಹಿಡಿದದ್ದಕ್ಕೆ ಅವಳ ಬೆನ್ನು ತಟ್ಟಿದ. ಗಡಿಯಾರ ಸರಿ ಇರಲೇಬೇಕು, ಇವತ್ತಿನಿಂದಲೇ ಸರಿಯಾದದ್ದೇ ನಡೆಯಲಿ ಎಂದ. ಒರ್ಬೆಲಿನಾಳ ವಿಷಯ ತೆಗೆದಾಗ ಮಾತ್ರ, ಒಬ್ಬಳನ್ನು ಕರೆದರೆ ಹನ್ನೊಂದು ಜನರನ್ನೂ ಕರೆಯಬೇಕಾಗುತ್ತದೆ, ಅದು ಆಗದ ಹೋಗದ ಮಾತು ಎಂದ. ಆಮೇಲೆ ಕಾಗದವೊಂದರ ಮೇಲೆ ಏನೋ ಗುಣಿಸಿ ಅವಳತ್ತ ತಿರುಗಿಸಿದ.

"ನೋಡು ಮಗಳೇ, ಎಂಟು ಅಂತ ನಾವು ಅಂದ್ಕೊಂಡಿದ್ದು ನಿಜವಾಗಿ ಐದು ನಿಮಿಷ ಇಪ್ಪತ್ತು ಸೆಕೆಂಡು. ನಾಲ್ಕು ತಿಂಗಳು ಮುಕ್ಕಾಲು ಪಾಲು ಹೆಂಗಸ್ರು ಅಷ್ಟರೊಳಗೇ ಹೋಗ್ಬಂದಿದಾರೆ. ಅಂದ್ಮೇಲೆ ಆಗತ್ತೆ ಅಂತಾಯ್ತಲ್ಲ. ನಾಳೆಯಿಂದ ಮಿತಿ ಐದು ಇಪ್ಪತ್ತು. ನಿನ್ ಯಂತ್ರ, ಬೆಳಗ್ಗೆ ಮೈಕಲ್ಲಿ ನೀನೇ ಓದು."

ದಿಗ್ನಾ ಆ ಕಾಗದವನ್ನು ನೋಡುತ್ತಲೇ ನಿಂತಳು. ಸುಳ್ಳು ಗಡಿಯಾರ ಹೆಂಗಸರ ಹೊಟ್ಟೆ ಹಿಂಡಿ ಹಿಂಡಿ ಕಿತ್ತುಕೊಂಡದ್ದನ್ನು ಈಗ ನಿಜವಾದ ಗಡಿಯಾರ ಕಾನೂನು ಮಾಡುತ್ತಿತ್ತು. ಅವಳು ತಪ್ಪು ತಿದ್ದಿ ತಂದದ್ದರಿಂದಲೇ ಅದು ಆಗುತ್ತಿತ್ತು. ಗಾಯದ ಮೇಲೆ ಬರೆ ಎಳೆಯಲು ಕಬ್ಬಿಣ ಕಾಯಿಸಿ ಕೊಟ್ಟವಳು ತಾನೇ ಎಂದು ಅವಳಿಗೆ ಅರ್ಥವಾಯಿತು. ಆಗಲಿ ಇಂಜಿನಿಯರ್, ಓದುತ್ತೇನೆ ಎಂದು ಕಾಗದ ಮಡಚಿಕೊಂಡು ಹೊರಬಿದ್ದಳು. ಸಂಜೆ ಒರ್ಬೆಲಿನಾಳ ಮನೆಯ ಕಡೆ ಹೋಗಿ, ಒಳಗೆ ಕಾಲಿಡದೆ, ನಾಳೆ ಏಳೂವರೆಗೆ ಕಾರ್ಖಾನೆಯ ಗೇಟಿನ ಹೊರಗೆ ನಿಂತಿರಿ, ಅಲ್ಲಿಗೂ ಮೈಕು ಕೇಳಿಸುತ್ತದೆ ಎಂದಷ್ಟೇ ಹೇಳಿ ಬಂದಳು.

ಮಂಗಳವಾರ ಏಳೂವರೆ. ದಿಗ್ನಾ ಪ್ರಾರ್ಥನೆ ಓದಿದಳು. ಹುಟ್ಟುಹಬ್ಬದ ಒಂದು ಹೆಸರಿತ್ತು, ಅದನ್ನೂ ಓದಿದಳು. ತಾಬೊರಾನ ಕಾಗದವನ್ನು ಮೇಜಿನ ಮೇಲೆ ಮಗುಚಿ ಹಾಕಿದಳು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾನು ದಿಗ್ನಾ. ನೀವು ಕುರ್ಚಿ ಬಿಟ್ಟು ಎದ್ದಾಗ ಎಣಿಸೋ ಗಡಿಯಾರ ಬರ್ದೋಳು ನಾನೇ. ಅದು ನಾಲ್ಕು ತಿಂಗಳಿಂದ ತಪ್ಪು ಎಣಿಸಿದೆ. ನೀವು ಆರು ನಿಮಿಷ ಹೋದ್ರೆ ಒಂಬತ್ತು ಅಂತ ಬರೀತು. ಒರ್ಬೆಲಿನಾ ಕಾಲಿಕ್ಸ್ ಕಳ್ಳಿ ಅಲ್ಲ. ಅವ್ರು ಹೋಗಿದ್ದು ಐದು ನಿಮಿಷ ಐವತ್ತಾರು ಸೆಕೆಂಡು. ಹನ್ನೊಂದು ಜನರಲ್ಲಿ ಯಾರೂ ಕಳ್ಳೀರಲ್ಲ, ಕದ್ದಿದ್ದು ಗಡಿಯಾರ. ಇದು ನಿನ್ನೆಯಿಂದ ಇಂಜಿನಿಯರ್‌ಗೂ ಗೊತ್ತು. ಇವತ್ತಿಂದ ಎಂಟಲ್ಲ, ಐದು ನಿಮಿಷ ಇಪ್ಪತ್ತು ಸೆಕೆಂಡು ಅಂತ ಓದೋಕೆ ನಂಗೆ ಕಾಗದ ಕೊಟ್ಟಿದಾರೆ. ನಾನು ಓದಲ್ಲ."

ಕೆಳಗೆ ಇನ್ನೂರೈವತ್ತು ಯಂತ್ರಗಳು ಮೊದಲಿನಂತೆಯೇ ಕೊಂಚ ಹೊತ್ತು ಓಡಿದವು. ಆಮೇಲೆ ನಾಲ್ಕನೆಯ ಸಾಲಿನಲ್ಲಿ ಮೀರ್ತಾಲಾ ಹೊಲಿಯುತ್ತಿದ್ದ ತೋಳನ್ನು ಪೂರ್ತಿ ಮುಗಿಸಿ, ದಾರ ಕತ್ತರಿಸಿ, ಎದ್ದು ನಿಂತಳು. ಶೌಚಾಲಯದ ಕಡೆ ನಡೆದಳು. ಅವಳ ಹಿಂದಿನವಳು ಎದ್ದಳು, ಅವಳ ಪಕ್ಕದವಳು ಎದ್ದಳು. ಸಾಲು ಸಾಲೇ ಎದ್ದಿತು. ಯಂತ್ರಗಳ ಸದ್ದು ಒಂದೊಂದಾಗಿ ಅಡಗಿ, ಆ ಕಟ್ಟಡದಲ್ಲಿ ಹಗಲು ಹೊತ್ತು ಯಾರೂ ಯಾವತ್ತೂ ಕೇಳದಿದ್ದ ಫ್ಯಾನುಗಳ ಕಿರ್ರೆನ್ನುವ ಸದ್ದು ಕೇಳಿಸತೊಡಗಿತು. ನಾಲ್ಕು ಶೌಚಾಲಯಗಳ ಮುಂದೆ ಇನ್ನೂರೈವತ್ತು ಹೆಂಗಸರು ಸಾಲಾಗಿ ನಿಂತರು. ಸಾಲು ಊಟದ ಕೋಣೆಯನ್ನು ಸುತ್ತಿಕೊಂಡು ಹೊರಗಿನ ಅಂಗಳಕ್ಕೂ ಹೋಯಿತು.

ತಾಬೊರಾ ಕಂಪ್ಯೂಟರ್ ಕೋಣೆಗೆ ನುಗ್ಗಿದಾಗ ದಿಗ್ನಾ ಪರದೆಯ ಮುಂದೆ ಕೈಕಟ್ಟಿ ಕೂತಿದ್ದಳು. ಪರದೆಯ ತುಂಬ ಖಾಲಿ ಕುರ್ಚಿಗಳು, ಒಂದೊಂದರ ಮೇಲೂ ಕೆಂಪಕ್ಷರ. ಎರಡು ನಿಮಿಷ ಹತ್ತು. ಎರಡು ಹನ್ನೊಂದು. ನಿನ್ನ ಕೆಲಸ ಇವತ್ತಿಗೆ ಮುಗಿಯಿತು, ಮೊದಲು ಆ ದರಿದ್ರವನ್ನು ಆರಿಸು ಎಂದ ಅವನು. ಮೊದಲ ಸಲ ಅವನ ದನಿ ಏರಿತ್ತು.

"ಆರ್ಸಲ್ಲ," ಎಂದಳು ದಿಗ್ನಾ. "ಇದು ಇವತ್ತು ಸರಿಯಾದ ಹೊತ್ತು ತೋರಿಸ್ತಿದೆ. ನಿಂತು ನೋಡಿ."

ಅವನು ನಿಂತ. ಐದು ಇಪ್ಪತ್ತಾಗುವ ಹೊತ್ತಿಗೆ ಹೆದರಿ ಓಡಿಬರುತ್ತಾರೆಂದು ಅವನು ನಂಬಿದ್ದ. ನಾಲ್ಕು ತಿಂಗಳು ಹಾಗೇ ಓಡಿಬಂದಿದ್ದರಲ್ಲ. ಐದು ಇಪ್ಪತ್ತಾಯಿತು. ಎಂಟಾಯಿತು. ಮುದ್ರಣಯಂತ್ರ ಎಚ್ಚರಿಕೆ ಪತ್ರಗಳನ್ನು ಉಗುಳತೊಡಗಿತು, ಒಂದಲ್ಲ ಎರಡಲ್ಲ, ಇನ್ನೂರೈವತ್ತು, ಕೊನೆಗೆ ಕಾಗದ ಮುಗಿದು ಕಿರುಚಿಕೊಂಡಿತು. ಹನ್ನೆರಡು ನಿಮಿಷಕ್ಕೆ ಮೀರ್ತಾಲಾ ಮೆಟ್ಟಿಲೇರಿ ಬಂದು ಬಾಗಿಲಲ್ಲಿ ನಿಂತಳು. ಆಸ್ಪತ್ರೆಯ ಸೊರಗು ಇನ್ನೂ ಮುಖದಿಂದ ಹೋಗಿರಲಿಲ್ಲ. ದಿಗ್ನಾಳ ಕಡೆ ಅವಳು ತಿರುಗಿಯೂ ನೋಡಲಿಲ್ಲ.

"ಒರ್ಬೆಲಿನಾ ಗೇಟಿನ ಹೊರಗೆ ನಿಂತಿದಾರೆ, ಅವ್ರ ಕುರ್ಚಿ ಖಾಲಿ ಇದೆ, ಇಂಜಿನಿಯರ್. ಅದು ತುಂಬೋತನಕ ನಮ್ದೂ ಖಾಲೀನೇ. ಮಿಕ್ಕ ಹತ್ತು ಜನರ ಮಾತು ಆಮೇಲೆ ಆಡೋಣ, ಬಿಡಲ್ಲ."

ಇಷ್ಟು ಹೇಳಿ ಇಳಿದುಹೋದಳು. ತಾಬೊರಾ ಕಿಟಕಿಯ ಹತ್ತಿರ ಹೋದ, ಪರದೆಯ ಹತ್ತಿರ ಬಂದ, ಯಾರಿಗೋ ಫೋನ್ ಮಾಡಿ ಪಿಸುಗುಟ್ಟಿದ, ಬೆವರೊರೆಸಿಕೊಂಡ. ಬಂದರಿಗೆ ಹೋಗಬೇಕಾದ ಲಾರಿ ಹತ್ತು ಗಂಟೆಗೆ ಬರುವುದಿತ್ತು. ಇಪ್ಪತ್ತಾರನೆಯ ನಿಮಿಷಕ್ಕೆ ಗೇಟಿಗೆ ಫೋನ್ ಮಾಡಿ, ಹೊರಗೆ ನಿಂತಿರುವ ಆ ಹೆಂಗಸನ್ನು ಒಳಗೆ ಬಿಡಿ ಎಂದ. ಹೆಸರು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಯಾರನ್ನು ಎಂದು ಕಾವಲಿನವನು ಬೇಕೆಂದೇ ಎರಡು ಸಲ ಕೇಳಿದ, ಆಗ ಹೇಳಿದ.

ಒರ್ಬೆಲಿನಾ ದೊಡ್ಡ ಬಾಗಿಲಿನಿಂದ ಬಂದಳು. ಭಾನುವಾರದ ಚರ್ಚಿಗೆ ಉಡುವ ನೀಲಿ ಉಡುಪಿನಲ್ಲಿದ್ದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಸಾಲು ಎರಡಾಗಿ ಸೀಳಿ ದಾರಿ ಬಿಟ್ಟಿತು. ಅವಳು ತಲೆಯೆತ್ತಿ ಮೇಲಿನ ಕಿಟಕಿಯನ್ನು ನೋಡಲಿಲ್ಲ. ನೋಡಲಿ ಎಂದು ದಿಗ್ನಾ ಗಾಜಿಗೆ ಹಣೆ ಒತ್ತಿಕೊಂಡು ನಿಂತಿದ್ದಳು, ಆದರೂ ನೋಡಲಿಲ್ಲ. ಒರ್ಬೆಲಿನಾ ತನ್ನ ಕುರ್ಚಿಯ ತನಕ ನಡೆದು, ಅದರ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟಳು. ಈಗ ಕೂರುತ್ತಾಳೆ ಎಂದು ತಾಬೊರಾ ಉಸಿರು ಬಿಟ್ಟ. ಅವಳು ಕೂರಲಿಲ್ಲ. ಕೈಚೀಲವನ್ನು ಕುರ್ಚಿಗೆ ನೇತುಹಾಕಿ, ಬಂದ ದಾರಿಯಲ್ಲೇ ತಿರುಗಿ, ಅಷ್ಟೂ ಹೆಂಗಸರ ನಡುವೆ ನಿಧಾನವಾಗಿ ನಡೆದು, ಶೌಚಾಲಯದ ಮೊದಲ ಬಾಗಿಲು ತಳ್ಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಲಾರಿ ಬರುವುದಕ್ಕೆ ಇನ್ನೂ ಎರಡು ಗಂಟೆಯಿತ್ತು. ಅವಳು ಹೊರಗೆ ಬರುವವರೆಗೆ ಯಾರೂ ಅಲುಗಾಡಲಿಲ್ಲ.